ನಾನೂರ ಹದಿನೇಳನೇ ಬಸ್ಸಿನ ಹಸಿರು ದೀಪ

ಪೋರ್ಟ್ ಹ್ಯಾಲೋರನ್, ಮಿಷಿಗನ್
ಜನವರಿ 16, 2018

ಎಮೆಟ್ ಮಾರಾಯ,

ನಿನಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂವತ್ತು ವರ್ಷ ನಮ್ಮ ಗ್ಯಾರೇಜಿನಲ್ಲಿ ರೇಡಿಯೋ, ಕ್ಯಾಮೆರಾ, ಟಿಕೆಟ್ ಯಂತ್ರ ಎಲ್ಲವನ್ನೂ ರಿಪೇರಿ ಮಾಡಿದ ಮನುಷ್ಯನಿಗೆ ತನ್ನ ಮನೆಯ ಫೋನ್ ಎತ್ತಲು ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಅದಕ್ಕೇ ಈ ಕಾಗದ. ಈಮೇಲ್ ಬೇಡ ಅಂದವನು ಯೂನಿಯನ್ನಿನ ರೂಬೆನ್. "ವರ್ನಾ, ಕಂಪ್ಯೂಟರಲ್ಲಿ ಏನೂ ಬರೀಬೇಡ. ವಿಚಾರಣೆ ದಿವಸ ಅದನ್ನೇ ಅಚ್ಚು ಹಾಕ್ಸಿ ನಿನ್ ಮುಂದೆ ಇಡ್ತಾರೆ" ಅಂದ.

ಹೌದು, ವಿಚಾರಣೆ. ಅದೂ ನನ್ನದು. ಇಪ್ಪತ್ತೆರಡು ವರ್ಷ ಈ ಊರಿನ ಹಿಮದಲ್ಲಿ ಬಸ್ಸು ಓಡಿಸಿ ಒಂದು ಕನ್ನಡಿಯನ್ನೂ ಒಡೆಯದ ವರ್ನಾ ಮಾಕಿಯದು.

ಡಿಸೆಂಬರ್ 19ರಂದು ನಡೆದದ್ದು ಇಷ್ಟು. ನಾನು ಆರನೇ ಮಾರ್ಗದಲ್ಲಿ 417ನೇ ಬಸ್ಸು ಓಡಿಸುತ್ತಿದ್ದೆ. ಆಸ್ಪತ್ರೆ ನಿಲ್ದಾಣದಲ್ಲಿ ಓಪಲ್ ಹ್ಯಾಗ್‌ಸ್ಟ್ರಮ್ ಎಂಬ ಎಂಬತ್ತೊಂದರ ಅಜ್ಜಿ ಇಳಿಯಬೇಕಿತ್ತು. ಬಸ್ಸು ನಿಲ್ಲಿಸಿದೆ, ಬ್ರೇಕ್ ಎಳೆದೆ, ಮುಂದಿನ ಮೆಟ್ಟಿಲನ್ನು ನೆಲದ ಮಟ್ಟಕ್ಕೆ ತಗ್ಗಿಸಿದೆ. "ಹುಷಾರು ಓಪಲ್, ಅಂಚಲ್ಲಿ ಮಂಜುಗಡ್ಡೆ ಇದೆ" ಅಂತ ಬಾಯಿ ಬಿಟ್ಟು ಹೇಳಿದೆ. ಅವಳ ಎರಡೂ ಕಾಲು ನೆಲದ ಮೇಲಿದ್ದವು. ಆಮೇಲೆ ಜಾರಿದಳು. ಸೊಂಟದ ಮೂಳೆ ಮುರಿಯಿತು. ನೋವಿನಲ್ಲಿ ಆಂಬ್ಯುಲೆನ್ಸಿನವರ ಹತ್ತಿರ "ಬಸ್ಸು ಮುಂದೆ ಹೋಯ್ತು ಅನ್ಸತ್ತೆ" ಅಂದಳಂತೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ನೋವಿನಲ್ಲಿ ಯಾರಾದರೂ ಏನಾದರೂ ಅಂದಾರು.

ನನಗೆ ಹೆದರಿಕೆಯೂ ಇರಲಿಲ್ಲ. ನೀನು ಕಲಿಸಿದ ಹಾಗೆ ಸ್ಟೀರಿಂಗಿನ ಮುಂದಿನ ಡ್ಯಾಶಿನ ಕೆಳಗಿನ ಗುಂಡಿ ಒತ್ತಿ ಆ ಹೊತ್ತಿನ ವಿಡಿಯೋಕ್ಕೆ ಗುರುತು ಹಾಕಿದ್ದೆ. ಬಾಗಿಲಿನ ಕ್ಯಾಮೆರಾ ಇದೆ, ಅದೇ ಹೇಳುತ್ತದೆ ಅಂತ ಮನೆಗೆ ಹೋಗಿ ಊಟ ಮಾಡಿದೆ.

ರೆಕಾರ್ಡರ್ ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ! ಚಿತ್ರ ಉಳಿಸುವ ಡಿಸ್ಕ್ ನವೆಂಬರ್ 3ಕ್ಕೇ ಸತ್ತಿತ್ತಂತೆ. ನಲವತ್ತಾರು ದಿನ ಆ ಬಸ್ಸು ಎಂಟು ಕ್ಯಾಮೆರಾ ಹೊತ್ತುಕೊಂಡು ಕುರುಡಾಗಿ ತಿರುಗಿದೆ. ಸರಿ, ಯಂತ್ರ ಕೆಟ್ಟಿತು, ಅದಕ್ಕೆ ನಾನೇನು ಮಾಡಲಿ? ಆದರೆ ಗಾರ್ತ್ ಲಿಂಡ್‌ಕ್ವಿಸ್ಟ್ ನನ್ನನ್ನು ಕರೆಸಿದ. ಈಗ ಅವನು ಬಸ್ಸುಗಳ ಇಡೀ ಓಡಾಟಕ್ಕೆ ಮುಖ್ಯಸ್ಥ, ನೀನಿದ್ದಾಗಿನ ಗ್ಯಾರೇಜ್ ಮೇಲ್ವಿಚಾರಕನಲ್ಲ. ನನ್ನ ಬೆಳಗಿನ ತಪಾಸಣೆ ಕಾರ್ಡನ್ನು ಮೇಜಿನ ಮೇಲೆ ಇಟ್ಟ.

"ಒಂಬತ್ತನೇ ಸಾಲು ಓದು ವರ್ನಾ."

"ಕ್ಯಾಮೆರಾ ದೀಪ ಹಸಿರು."

"ಟಿಕ್ ಹಾಕಿದ್ದು ಯಾರು?"

"ನಾನೇ. ಹಸಿರೇ ಇತ್ತು."

"ಡಿಸ್ಕ್ ಸತ್ರೆ ದೀಪ ಕೆಂಪಾಗತ್ತೆ. ಅಂದ್ರೆ ನೀನು ನೋಡ್ದೆ ಟಿಕ್ ಹಾಕಿದೀಯ. ಸುರಕ್ಷತಾ ದಾಖಲೆಯಲ್ಲಿ ಸುಳ್ಳು ಬರ್ದಿದೀಯ."

ಗೊತ್ತಾಯಿತಾ ಎಮೆಟ್? ಅಜ್ಜಿ ಬಿದ್ದದ್ದಕ್ಕೆ ಅಲ್ಲ, ಟಿಕ್ ಹಾಕಿದ್ದಕ್ಕೆ ನನ್ನನ್ನು ಮನೆಗೆ ಕಳಿಸುತ್ತಾರಂತೆ. ಆ ನಲವತ್ತಾರು ದಿನದಲ್ಲಿ ಇನ್ನೂ ಹನ್ನೊಂದು ಜನ 417 ಓಡಿಸಿದ್ದಾರೆ, ಅವರೂ ಟಿಕ್ ಹಾಕಿದ್ದಾರೆ. ಅವರ ಸರದಿಯಲ್ಲಿ ಯಾರೂ ಬೀಳಲಿಲ್ಲ, ಅದಕ್ಕೇ ಅವರು ಸತ್ಯವಂತರು! ನನ್ನ ಮೈಯೆಲ್ಲ ಉರಿಯುತ್ತಿದೆ.

ನಗು ಬರುವ ಸಂಗತಿ ಇನ್ನೊಂದಿದೆ. ಹಳೆಯ ಕ್ಯಾಮೆರಾ ಕಿತ್ತು ಹೊಸದು ಹಾಕಲು ಒಂದು ಆಯ್ಕೆ ಸಮಿತಿ ಮಾಡಿದ್ದಾರೆ. ಅದರಲ್ಲಿ ಡ್ರೈವರುಗಳ ಪರ ನಾನೇ ಇದ್ದೇನೆ. ಯಾವುದನ್ನು ನೋಡಬೇಕು, ಏನು ಕೇಳಬೇಕು ಅಂತ ನೀನು ಬರೆ. ಹಳೆಯದನ್ನು ಆರಿಸಿ ಕೂರಿಸಿದವನು ನೀನಲ್ಲವೇ?

ಮುಖ್ಯವಾದದ್ದು ಇದು. ಕ್ಯಾಮೆರಾ ದೀಪ ಕೆಂಪಿದ್ದರೆ ಡ್ರೈವರು ಆ ಬಸ್ಸು ಬೇಡ ಅನ್ನಬಹುದು, ಅದು ನಮ್ಮ ಹಕ್ಕು. ಕೆಂಪಿದ್ದರೆ ನಾನು ಯಾಕೆ ಹತ್ತುತ್ತಿದ್ದೆ? ಹೇಳು, ಡಿಸ್ಕ್ ಸತ್ತಿದ್ದರೂ ದೀಪ ಹಸಿರಾಗಿ ಉರಿಯುವುದು ಸಾಧ್ಯವೇ? ವಿಚಾರಣೆ ಮಾರ್ಚ್ 2ಕ್ಕೆ. ಅರ್ಲೀನಳಿಗೆ ನನ್ನ ನೆನಪು ಹೇಳು.

ವರ್ನಾ


ಯೂಮಾ, ಅರಿಜೋನಾ
ಜನವರಿ 27, 2018

ಪ್ರಿಯ ವರ್ನಾ,

ನಿನ್ನ ಕಾಗದ ಓದಿ ತುಂಬಾ ಬೇಸರವಾಯಿತು. ಇಲ್ಲಿ ಬಿಸಿಲು ಚೆನ್ನಾಗಿದೆ. ಒಣ ಗಾಳಿಯಿಂದ ಅರ್ಲೀನಳ ಉಸಿರಾಟ ಸ್ವಲ್ಪ ಸುಧಾರಿಸಿದೆ, ಆದರೂ ಆಮ್ಲಜನಕದ ಸಿಲಿಂಡರ್ ಇಲ್ಲದೆ ಅಂಗಳ ದಾಟುವುದಿಲ್ಲ.

ಹೊಸ ಕ್ಯಾಮೆರಾ ವಿಷಯ. ಮಾರಲು ಬಂದವರು ಚಿತ್ರ ಎಷ್ಟು ಸ್ಪಷ್ಟವಾಗಿದೆ ಅಂತ ತೋರಿಸುತ್ತಾರೆ. ಅದಕ್ಕೆ ಮರುಳಾಗಬೇಡ. ಅಲುಗದ ಕೋಣೆಯಲ್ಲಿ ಎಲ್ಲರ ಚಿತ್ರವೂ ಸ್ಪಷ್ಟವೇ. ಬಸ್ಸಿನಲ್ಲಿ ಡಿಸ್ಕನ್ನು ಕೊಲ್ಲುವುದು ಅಲುಗಾಟ. ತಿರುಗುವ ಡಿಸ್ಕ್ ಇರುವ ಯಾವ ಪೆಟ್ಟಿಗೆಯನ್ನೂ ಒಪ್ಪಬೇಡ. ಅವರ ಪೆಟ್ಟಿಗೆಯನ್ನು ಹಳೆಯ ಡೀಸೆಲ್ ಎಂಜಿನ್ನಿನ ಮೇಲೆ ಒಂದು ಗಂಟೆ ಕಟ್ಟಿಡಿ ಅನ್ನು, ಆಮೇಲೆ ಮಾತಾಡಿ. ಬಾಗಿಲಿನ ಕ್ಯಾಮೆರಾ ಮೇಲಿನಿಂದ ತಲೆ ಮಾತ್ರ ನೋಡುತ್ತದೆ, ಪಾದ ಮತ್ತು ರಸ್ತೆಯ ಅಂಚು ಕಾಣುವ ಹಾಗೆ ಕೆಳಗೊಂದು ಬೇಕು. ಬಸ್ಸು ಗ್ಯಾರೇಜಿಗೆ ಬಂದ ಕೂಡಲೇ ಯಾವ ಕ್ಯಾಮೆರಾ ಬದುಕಿದೆ, ಯಾವುದು ಸತ್ತಿದೆ ಎಂದು ತಾನಾಗಿಯೇ ವರದಿ ಕೊಡಬೇಕು. ನಮ್ಮ ಚಳಿಗೆ ಗಾಜಿನ ಒಳಗೆ ಹಬೆ ಕಟ್ಟುತ್ತದೆ, ಬಿಸಿ ಮಾಡುವ ತಂತಿ ಇದೆಯೇ ಕೇಳು. ಚಿತ್ರ ಎಷ್ಟು ದಿನ ಉಳಿಯುತ್ತದೆ, ಅದನ್ನು ತೆಗೆಯುವ ಅಧಿಕಾರ ಯಾರ ಕೈಯಲ್ಲಿ, ಡ್ರೈವರಿಗೆ ನೋಡಲು ಕೊಡುತ್ತಾರೋ ಇಲ್ಲವೋ, ಇವನ್ನು ಬರವಣಿಗೆಯಲ್ಲಿ ಕೇಳು.

ದೀಪದ ಬಗ್ಗೆ ಕೇಳಿದ್ದೀಯ. ನಾನು ಅಲ್ಲಿಂದ ಬಂದು ನಾಲ್ಕು ವರ್ಷವಾಯಿತು. ವೈರಿಂಗ್ ನಕ್ಷೆ ಎಲೆಕ್ಟ್ರಾನಿಕ್ಸ್ ಕೋಣೆಯ ಬೀರುವಿನಲ್ಲಿ ಇರಬೇಕು. ಅದನ್ನು ತರಿಸಿಕೊಳ್ಳಲು ರೂಬೆನ್‌ಗೆ ಹೇಳು.

ಧೈರ್ಯವಾಗಿರು.

ಎಮೆಟ್ ಪೆಲ್ಟಿಯರ್


ಪೋರ್ಟ್ ಹ್ಯಾಲೋರನ್
ಫೆಬ್ರವರಿ 5, 2018

ಎಮೆಟ್,

ನಿನ್ನ ಕಾಗದವನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೇ ಸಮಿತಿಗೆ ಹೋದೆ. ಮೂರು ಕಂಪನಿಯವರು ಬಂದಿದ್ದರು, ಮೂವರ ಕೈಯಲ್ಲೂ ಡೋನಟ್ ಡಬ್ಬಿ. ಮೊದಲನೆಯವನು ಹೊಳೆಯುವ ಷೂ ಹಾಕಿಕೊಂಡು ಬಂದು ಹದಿನಾಲ್ಕು ಕ್ಯಾಮೆರಾ ತೋರಿಸಿದ. ಅದರಲ್ಲಿ ಎರಡು ಡ್ರೈವರಿನ ಮುಖಕ್ಕೇ ಮೀಸಲು.

"ಡ್ರೈವರ್ ಆಕಳಿಸಿದ್ರೂ ಗೊತ್ತಾಗತ್ತೆ ಮೇಡಂ."

"ಪ್ರಯಾಣಿಕರು ಮೆಟ್ಟಿಲಲ್ಲಿ ಬಿದ್ರೆ ಗೊತ್ತಾಗತ್ತಾ?"

"ಪಾದದ ಕ್ಯಾಮೆರಾ ಬೇಕಿದ್ರೆ ಬೇರೆ ಪ್ಯಾಕೇಜು."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬದಲಿಗೆ ನೀನು ಹೇಳಿದ್ದನ್ನು ಮಾಡಿಸಿದೆ. ಮೂರೂ ಪೆಟ್ಟಿಗೆಗಳನ್ನು ಹಳೆಯ ಎಂಜಿನ್ನಿನ ಮೇಲೆ ಕಟ್ಟಿಸಿ ಒಂದು ಗಂಟೆ ಓಡಿಸಿದೆವು. ಷೂನವನದು ಇಪ್ಪತ್ತು ನಿಮಿಷಕ್ಕೆ ಕೈ ಎತ್ತಿತು. "ಇದು ಪ್ರದರ್ಶನದ ಮಾದರಿ ಅಷ್ಟೇ" ಅಂತ ತಡವರಿಸಿದ. ಮೂರನೆಯವಳು ಬೆನಿತಾ ಅಂತ ಒಬ್ಬ ಸಣ್ಣಗಿನ ಹೆಂಗಸು. ಅವಳ ಪೆಟ್ಟಿಗೆಯಲ್ಲಿ ತಿರುಗುವ ಡಿಸ್ಕೇ ಇಲ್ಲ. "ನಿಮ್ಮ ದೀಪ ಏನು ಹೇಳತ್ತೆ?" ಅಂದೆ. "ದೀಪ ಇಲ್ಲ. ಪರದೆ ಮೇಲೆ ಕೊನೇ ಸಲ ಯಾವಾಗ ಚಿತ್ರ ಬರೆದೆ ಅಂತ ಗಂಟೆ, ನಿಮಿಷ ತೋರ್ಸತ್ತೆ. ನಿಂತಿದ್ರೆ ನಿಂತಿದೆ ಅಂತ್ಲೇ ಹೇಳತ್ತೆ" ಅಂದಳು. ಅವಳನ್ನು ತಬ್ಬಿಕೊಳ್ಳೋಣ ಅನ್ನಿಸಿತು.

ಲಿಂಡ್‌ಕ್ವಿಸ್ಟ್ ಅಂಕ ಹಾಕುವ ಹಾಳೆ ಹಂಚಿದ. ಡ್ರೈವರುಗಳ ಅಭಿಪ್ರಾಯಕ್ಕೆ ನೂರಕ್ಕೆ ಎಷ್ಟು ಅಂತೀಯ? ಐದು. "ಇದೇನು ಗಾರ್ತ್, ಉಪ್ಪಿನಕಾಯಿಯಾ?" ಅಂದೆ. ಯಾರೂ ನಗಲಿಲ್ಲ. ಮರುದಿನವೇ ಪತ್ರ ಬಂತು. ನನ್ನ ಮೇಲೆ ಇದೇ ಕ್ಯಾಮೆರಾದ ಬಗ್ಗೆ ವಿಚಾರಣೆ ಇರುವುದರಿಂದ ನಾನು ಸಮಿತಿಯಲ್ಲಿ ಇರುವಂತಿಲ್ಲವಂತೆ, ಗ್ಯಾರೇಜಿನ ಗೇಟು ದಾಟುವಂತೆಯೂ ಇಲ್ಲವಂತೆ. ಅಮಾನತು. ಇಪ್ಪತ್ತೆರಡು ವರ್ಷ ಹೋಗಿ ಬಂದ ಗೇಟಿನಲ್ಲಿ ಕಾವಲಿನವನು "ಸಾರಿ ವರ್ನಾ" ಅಂದು ನೆಲ ನೋಡಿದ.

ಇನ್ನು ನಿನ್ನ ನಕ್ಷೆ. ರೂಬೆನ್ ಅದನ್ನು ತರಿಸಿದ. ಅದರಲ್ಲಿ ದೀಪದ ತಂತಿ ನೇರ ರೆಕಾರ್ಡರಿಗೆ ಹೋಗಿದೆ. ಡಿಸ್ಕ್ ಸತ್ತರೆ ದೀಪ ಕೆಂಪಾಗಲೇಬೇಕು ಅಂತ ಅಚ್ಚುಕಟ್ಟಾಗಿ ಬರೆದಿದೆ, ಕೆಳಗೆ ನಿನ್ನ ಸಹಿ. ಲಿಂಡ್‌ಕ್ವಿಸ್ಟ್ ಅದನ್ನು ನೋಡಿ "ಥ್ಯಾಂಕ್ಸ್ ರೂಬೆನ್, ನಾವೇ ಹುಡುಕ್ತಿದ್ವಿ" ಅಂದನಂತೆ. ನನ್ನನ್ನು ಉಳಿಸುತ್ತದೆ ಅಂದುಕೊಂಡ ಕಾಗದವೇ ನನ್ನ ಕುತ್ತಿಗೆಗೆ ಬಂತು! 417ರ ಹಳೆಯ ತಂತಿಗಳನ್ನೆಲ್ಲ ಕಿತ್ತು ಎಸೆದಾಗಿದೆ. ಬೇರೆ ಬಸ್ಸಿನ ಡ್ಯಾಶ್ ಬಿಚ್ಚಿ ನೋಡಿ ಅಂದರೆ, ವಿಚಾರಣೆ ಮುಗಿಯುವವರೆಗೆ ಯಾರೂ ಮುಟ್ಟಬಾರದು ಅಂತ ಆಜ್ಞೆ.

ಆದರೆ ನಾನು ಹಸಿರನ್ನೇ ನೋಡಿದೆ ಎಮೆಟ್. ಕಾಫಿ ಲೋಟ ಇಡುವ ಜಾಗದ ಪಕ್ಕದಲ್ಲೇ ಇದೆ, ನೋಡದೆ ಇರಲು ಆಗುತ್ತದೆಯೇ? ನಕ್ಷೆಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಇರಬಹುದೇ? ಕ್ಯಾಮೆರಾ ಪಾಠ ಸಾಕು. ಇದೊಂದಕ್ಕೆ ಒಂದು ಸಾಲು ಬರೆ.

ವರ್ನಾ


ಯೂಮಾ
ಫೆಬ್ರವರಿ 13, 2018

ಪ್ರಿಯ ವರ್ನಾ,

ಅರ್ಲೀನಳನ್ನು ಶುಕ್ರವಾರ ಆಸ್ಪತ್ರೆಗೆ ಸೇರಿಸಿದೆ. ನ್ಯುಮೋನಿಯಾ. ಇದನ್ನು ಅವಳ ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ.

ಐವತ್ತೆಂಟು ಬಸ್ಸು, ಇಷ್ಟು ವರ್ಷ. ಯಾವ ತಂತಿ ಎಲ್ಲಿಗೆ ಹೋಗಿತ್ತು ಅಂತ ನನಗೆ ನೆನಪಿಲ್ಲ. ನಕ್ಷೆಯಲ್ಲಿ ಇರುವುದಕ್ಕಿಂತ ಹೆಚ್ಚು ನಾನು ಏನೂ ಹೇಳಲಾರೆ.

ಅವರು ಏನಾದರೂ ಒಪ್ಪಂದಕ್ಕೆ ಬಂದರೆ ಹಟ ಮಾಡಬೇಡ. ಕೆಲಸ ಉಳಿಯುವುದು ಮುಖ್ಯ. ದೊಡ್ಡವರ ಜೊತೆ ಜಗಳಕ್ಕೆ ಬಿದ್ದು ಗೆದ್ದವರನ್ನು ನಾನು ನೋಡಿಲ್ಲ.

ಎಮೆಟ್


ಪೋರ್ಟ್ ಹ್ಯಾಲೋರನ್
ಫೆಬ್ರವರಿ 19, 2018

ಎಮೆಟ್ ಮಾರಾಯ,

ಅರ್ಲೀನ್ ಹೇಗಿದ್ದಾಳೆ? ಕಳೆದ ಕಾಗದದಲ್ಲಿ ನಿನ್ನ ಮೇಲೆ ರೇಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬೇಸಿಗೆಯಲ್ಲಿ ನಾನೇ ಆರಿಸಿ ಮಾಡಿದ ಥಿಂಬಲ್‌ಬೆರಿ ಕಾಡುಹಣ್ಣಿನ ಜಾಮ್ ಒಂದು ಶೀಶೆ ಕಳಿಸಿದ್ದೇನೆ. ನಿನಗಲ್ಲ, ಅವಳಿಗೆ. ನಿನ್ನ ನೆನಪಿನ ಬಗ್ಗೆಯೂ ಸ್ವಲ್ಪ ಚಿಂತೆಯಾಯಿತು. ಹಿಂದೆ ಯಾವ ಬಸ್ಸಿನ ಯಾವ ಸ್ಕ್ರೂ ಸಡಿಲ ಅಂತ ನಿದ್ದೆಗಣ್ಣಲ್ಲಿ ಹೇಳುತ್ತಿದ್ದವನು ನೀನು. ಡಾಕ್ಟರಿಗೆ ಒಮ್ಮೆ ತೋರಿಸಿಕೊ.

ಒಪ್ಪಂದ ಬಂದಿದೆ. ನಿನಗೆ ಹೇಗೆ ಗೊತ್ತಾಯಿತೋ! "ಹಸಿರು ದೀಪ ನೋಡದೆಯೇ ಟಿಕ್ ಹಾಕಿದೆ" ಅಂತ ನಾನು ಬರೆದು ಸಹಿ ಹಾಕಬೇಕು. ಹಾಕಿದರೆ ಸಂಬಳವಿಲ್ಲದೆ ಮೂವತ್ತು ದಿನದ ಅಮಾನತು, ಆಮೇಲೆ ಕೆಲಸ ವಾಪಸು, ಆದರೆ ಹಿರಿತನ ಸೊನ್ನೆ. ಇದರ ಅರ್ಥ ನಿನಗೆ ಹೇಳಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಹಿರಿತನದ ಪ್ರಕಾರ ಮಾರ್ಗ ಆರಿಸುವಾಗ ನಾನು ನಾಲ್ಕನೆಯವಳು. ಇನ್ನು ಮೇಲೆ ನಿನ್ನೆ ಸೇರಿದ ಮಕ್ಕಳೆಲ್ಲ ಆರಿಸಿಕೊಂಡ ಮೇಲೆ ಉಳಿದದ್ದು ನನಗೆ. ಭಾನುವಾರ, ಕ್ರಿಸ್‌ಮಸ್ಸು, ಬೆಳಗ್ಗೆ ಅರ್ಧ ಸಂಜೆ ಅರ್ಧದ ಒಡೆದ ಪಾಳಿ. ಸಹಿ ಹಾಕದೆ ವಿಚಾರಣೆಯಲ್ಲಿ ಸೋತರೆ ಕೆಲಸವೂ ಇಲ್ಲ, ಪೂರ್ತಿ ಪಿಂಚಣಿಯೂ ಇಲ್ಲ. ಅದಕ್ಕೆ ಇನ್ನು ಮೂರೇ ವರ್ಷ ಬಾಕಿ ಇತ್ತು.

"ಹಾಕಿಬಿಡು ವರ್ನಾ, ಒಂದು ಸಾಲು ತಾನೆ" ಅಂತಾನೆ ರೂಬೆನ್. ಒಂದು ಸಾಲೇ! ಬೆಳಗಿನ ಚಳಿಯಲ್ಲಿ ಟಾರ್ಚು ಹಿಡಿದು ಬಸ್ಸಿನ ಸುತ್ತ ಐದು ಸಾವಿರ ಸಲ ತಿರುಗಿದವಳು ನಾನು. ಟೈರು ಒದ್ದು ನೋಡದೆ ಒಂದು ದಿನ ಹೊರಟಿಲ್ಲ. ಆ ಲಿಂಡ್‌ಕ್ವಿಸ್ಟ್ ಬಿಸಿ ಕೋಣೆಯಲ್ಲಿ ಕೂತು ನನ್ನನ್ನು ಸುಳ್ಳುಗಾರ್ತಿ ಅನ್ನುತ್ತಾನೆ.

ನೀನಿದ್ದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ. 2011ರ ಚಳಿಗಾಲ ನೆನಪಿದೆಯೇ? ಅದಕ್ಕೆ ಮುಂಚೆ ದಿನ ಬೆಳಗಾದರೆ ಎಂಟು ಹತ್ತು ಬಸ್ಸಿನಲ್ಲಿ ಕೆಂಪು ದೀಪ, ಬೇರೆ ಬಸ್ಸಿಗಾಗಿ ನಾವು ಅಂಗಳದಲ್ಲಿ ನಡುಗುತ್ತಾ ನಿಲ್ಲುತ್ತಿದ್ದೆವು. ನೀನು ಒಂದು ತಿಂಗಳು ಕೂತು ಎಲ್ಲವನ್ನೂ ಸರಿ ಮಾಡಿದೆ. ಆಮೇಲೆ ಒಂದು ಬಸ್ಸೂ ತಡವಾಗಲಿಲ್ಲ. ನಾವೆಲ್ಲ ಸೇರಿ ನಿನಗೆ ಕೇಕ್ ತರಿಸಿದ್ದೆವು. ನಿನ್ನಂಥವನು ಇನ್ನೊಬ್ಬ ಈ ಗ್ಯಾರೇಜಿಗೆ ಬರಲಿಲ್ಲ.

ನಾನು ಸಹಿ ಹಾಕುವುದಿಲ್ಲ. ಮಾರ್ಚ್ 2ರ ಒಳಗೆ ಏನಾದರೂ ನೆನಪಾದರೆ ತಕ್ಷಣ ಬರೆ, ಇಲ್ಲವೇ ಯಾರ ಫೋನಿನಿಂದಲಾದರೂ ಮಾತಾಡು. ಒಂದು ಮಾತು ಸಾಕು ನನಗೆ.

ವರ್ನಾ


ಪೋರ್ಟ್ ಹ್ಯಾಲೋರನ್
ಮಾರ್ಚ್ 3, 2018

ಎಮೆಟ್,

ಸಹಿ ಹಾಕಿದೆ.

ಬೆಳಗ್ಗೆಯವರೆಗೂ ಅಂಚೆಯವನ ದಾರಿ ಕಾದೆ. ವಿಚಾರಣೆ ಕೋಣೆಯಲ್ಲಿ ನಿನ್ನ ನಕ್ಷೆಯನ್ನು ದೊಡ್ಡದಾಗಿ ಮಾಡಿ ಗೋಡೆಗೆ ಹಚ್ಚಿದ್ದರು. ರೂಬೆನ್ ಕಿವಿಯಲ್ಲಿ, "ನಮ್ಮ ಕಡೆ ಏನಿದೆ ವರ್ನಾ? ನಿನ್ನ ಮಾತೊಂದೇ" ಅಂದ. ಇಪ್ಪತ್ತೆರಡು ವರ್ಷ ಆದ ಮೇಲೆ ನನ್ನ ಮಾತು ಒಂದು ಬಲ್ಬಿಗಿಂತ ಅಗ್ಗವಾಯಿತು.

ಲಿಂಡ್‌ಕ್ವಿಸ್ಟ್ ಪೆನ್ನು ಕೊಟ್ಟ. "ಸುಮ್ನೆ ಸಹಿ ಅಲ್ಲ, ಆ ವಾಕ್ಯಾನ ನಿನ್ನ ಕೈಯಲ್ಲೇ ಬರಿ" ಅಂದ. ಬರೆದೆ. "ನಾನು ದೀಪವನ್ನು ನೋಡಲಿಲ್ಲ." ನನ್ನ ಅಕ್ಷರ ಎಷ್ಟು ದುಂಡಗಿದೆ ಗೊತ್ತಲ್ಲ, ಅಷ್ಟೇ ದುಂಡಗೆ ಬಂತು. ಮನೆಗೆ ಬಂದು ಆ ಕೈಯನ್ನು ಬಿಸಿನೀರಿನಲ್ಲಿ ತೊಳೆದೆ. ಆಮೇಲೆ ಅತ್ತೆ. ನನ್ನ ಗಂಡ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅರ್ಲೀನ್ ಮನೆಗೆ ಬಂದಳೇ? ನಿನಗೆ ಅವಳದೇ ಸಾಕಷ್ಟಿದೆ, ನನ್ನದನ್ನು ತಲೆಗೆ ಹಚ್ಚಿಕೊಳ್ಳಬೇಡ.

ವರ್ನಾ


ಯೂಮಾ
ಫೆಬ್ರವರಿ 27, 2018

ವರ್ನಾ,

ನನಗೆ ಎಲ್ಲ ನೆನಪಿದೆ.

2011ರಲ್ಲಿ ನಾನು ಏನನ್ನೂ ಸರಿ ಮಾಡಲಿಲ್ಲ. ಡಿಸ್ಕುಗಳು ಚಳಿಗೆ, ಅಲುಗಾಟಕ್ಕೆ ಸಾಯುತ್ತಲೇ ಇದ್ದವು. ಹೊಸ ಡಿಸ್ಕ್ ಕೇಳಿದರೆ ಕೊಡುತ್ತಿರಲಿಲ್ಲ. ಒಂದು ದಿನ ಲಿಂಡ್‌ಕ್ವಿಸ್ಟ್ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ. "ಎಮೆಟ್, ಕೆಂಪು ದೀಪ ಕಂಡ್ರೆ ಬಸ್ಸು ಹೊರಡಲ್ಲ. ದೀಪಾನ ಕೀಲಿಗೆ ಸೇರಿಸ್ಬಿಡು. ಎಂಜಿನ್ ಶುರುವಾದ್ರೆ ಹಸಿರು. ಯಾರಿಗೆ ಏನ್ ತೊಂದ್ರೆ?" ಅಂದ. ಬರೆದುಕೊಡು ಅಂದೆ. ನಕ್ಕ. ನಾನೂ ನಕ್ಕೆ. ಒಂದು ತಿಂಗಳಲ್ಲಿ ಐವತ್ತೆಂಟು ಬಸ್ಸಿನ ತಂತಿ ಬದಲಾಯಿಸಿದೆ. ನಕ್ಷೆಯನ್ನು ತಿದ್ದಲಿಲ್ಲ. ಆ ದೀಪಕ್ಕೆ ರೆಕಾರ್ಡರಿನ ಸುದ್ದಿಯೇ ಗೊತ್ತಿಲ್ಲ. ಡಿಸ್ಕ್ ಅಲ್ಲ, ಇಡೀ ಪೆಟ್ಟಿಗೆಯನ್ನೇ ಕಿತ್ತುಹಾಕಿದರೂ ಅದು ಹಸಿರಾಗಿಯೇ ಉರಿಯುತ್ತದೆ.

ನೀನು ನೋಡಿದ್ದು ನಿಜ. ದೀಪ ಹಸಿರೇ ಇತ್ತು.

ಒಂದು ಮಾತು ಹೇಳಲೇಬೇಕು. ಆಗ ಕೆಂಪು ದೀಪ ಕಂಡರೆ ನನ್ನ ಮೇಲೆ ಹಾರಾಡುತ್ತಿದ್ದವರಲ್ಲಿ ನೀನೂ ಒಬ್ಬಳು. "ಈ ದರಿದ್ರ ದೀಪಕ್ಕೊಂದು ಗತಿ ಕಾಣ್ಸು ಮಾರಾಯ" ಅಂದವಳು ನೀನೇ. ಆ ಕೇಕ್ ನನ್ನ ಗಂಟಲಲ್ಲಿ ಇಳಿಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತಿಂದೆ. ಎಲ್ಲರೂ ಬೆನ್ನು ತಟ್ಟಿದಿರಿ, ಹಿತವಾಗಿತ್ತು.

ಇದರ ಜೊತೆ ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದ ಹೇಳಿಕೆ ಇದೆ. ತಂತಿ ಎಲ್ಲಿ ಕತ್ತರಿಸಿದೆ, ಎಲ್ಲಿ ಜೋಡಿಸಿದೆ ಅಂತ ಚಿತ್ರ ಬರೆದಿದ್ದೇನೆ. ಇದನ್ನು ನೋಡಿ ಪರಿಹಾರ ಕೇಳಿಕೊಂಡು ಓಪಲಳ ಕಡೆಯ ವಕೀಲರು ನನ್ನ ಮನೆ ಬಾಗಿಲಿಗೂ ಬರಬಹುದು. ಬರಲಿ.

ಎಮೆಟ್


ಪೋರ್ಟ್ ಹ್ಯಾಲೋರನ್
ಮಾರ್ಚ್ 21, 2018

ಎಮೆಟ್ ಪೆಲ್ಟಿಯರ್,

ನಿನ್ನ ಕಾಗದ ಮಾರ್ಚ್ 12ಕ್ಕೆ ಬಂತು. ಮೇಲೆ ಫೆಬ್ರವರಿ 27 ಅಂತಿದೆ. ಲಕೋಟೆಯ ಮೇಲೆ ಅಂಚೆ ಮುದ್ರೆ ಮಾರ್ಚ್ 8. ನೋಟರಿಯ ಮೊಹರು ಕೂಡ ಫೆಬ್ರವರಿ 27. ಅಂದರೆ ಬರೆದದ್ದು ನಿಜ, ಪ್ರಮಾಣ ಮಾಡಿದ್ದೂ ನಿಜ, ಆಮೇಲೆ ನೀನು ಅದನ್ನು ಒಂಬತ್ತು ದಿನ ಇಟ್ಟುಕೊಂಡೆ. ನಾನು ಅಂಚೆಯವನ ದಾರಿ ಕಾಯುತ್ತಿದ್ದಾಗ ಅದು ನಿನ್ನ ಮನೆಯಲ್ಲಿ ಇತ್ತು.

ನಾನು ನಿನ್ನ ನೆನಪಿಗೆ ಔಷಧಿ ಹುಡುಕುತ್ತಿದ್ದೆ. ಥೂ.

ಗತಿ ಕಾಣಿಸು ಅಂದವಳು ನಾನೇ, ಇಲ್ಲ ಅನ್ನುವುದಿಲ್ಲ. ಯಂತ್ರ ರಿಪೇರಿ ಮಾಡು ಅಂದೆ. ಅದರ ಬಾಯಿ ಮುಚ್ಚಿಸು ಅಂದೆನೇ? ಏಳು ವರ್ಷ ನಾವೆಲ್ಲ ದಿನಾ ಬೆಳಗ್ಗೆ ಆ ಸುಳ್ಳು ದೀಪಕ್ಕೆ ಟಿಕ್ ಹಾಕಿದ್ದೇವೆ. ನನ್ನ ಮುಂದೆಯೇ ಕೇಕ್ ತಿಂದೆಯಲ್ಲ!

ರೂಬೆನ್‌ಗೆ ತೋರಿಸಿದೆ. ಅವನು ಓದಿ, ಮಡಚಿ ವಾಪಸು ಕೊಟ್ಟ. "ಸಹಿ ಹಾಕಿದ ಮೇಲೆ ಇದರ ಬಗ್ಗೆ ಬಾಯಿ ಬಿಡಬಾರ್ದು ಅಂತ ಒಪ್ಪಂದದಲ್ಲೇ ಇದೆ. ಬಿಟ್ರೆ ಕೆಲಸಾನೂ ಹೋಗತ್ತೆ" ಅಂದ. ಹೋಗಲಿ ಅಂದೆ.

ನಿನ್ನೆ ಸಾರಿಗೆ ಮಂಡಳಿಯ ಸಭೆ ಇತ್ತು, ಹೊಸ ಕ್ಯಾಮೆರಾಕ್ಕೆ ಮತ ಹಾಕಲು. ಷೂನವನೇ ಅಂಕದಲ್ಲಿ ಮೇಲಿದ್ದ. ಊರಿನವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದಲ್ಲ, ಹೋಗಿ ಹೆಸರು ಕೊಟ್ಟೆ. ನಿನ್ನ ಹೇಳಿಕೆ ಓದಲು ಶುರು ಮಾಡಿದೆ. ಲಿಂಡ್‌ಕ್ವಿಸ್ಟ್ ಎದ್ದು, "ಅಧ್ಯಕ್ಷರೇ, ಇದು ಸಿಬ್ಬಂದಿ ವಿಷಯ, ಇಲ್ಲಿ ಓದೋ ಹಾಗಿಲ್ಲ" ಅಂದ. ನಾನು ದನಿ ಏರಿಸಿ ಓದುತ್ತಲೇ ಇದ್ದೆ. ಅಲಾರಂ ಹೊಡೆಯಿತು.

"ನಿಮ್ಮ ಮೂರು ನಿಮಿಷ ಮುಗೀತು ಮಿಸೆಸ್ ಮಾಕಿ, ಕೂತ್ಕೊಳ್ಳಿ."

ಆಗ ಹಿಂದಿನ ಸಾಲಿನಿಂದ ಗಾಲಿಕುರ್ಚಿ ತಳ್ಳಿಕೊಂಡು ಬಂದವರು ಯಾರು ಅಂತೀಯ? ಓಪಲ್ ಹ್ಯಾಗ್‌ಸ್ಟ್ರಮ್! ಮಗಳು ಬೇಡ ಬೇಡ ಅಂತ ಬೆನ್ನ ಹಿಂದೆಯೇ ಗೊಣಗುತ್ತಿದ್ದಳು. "ನನ್ನ ಮೂರು ನಿಮಿಷ ಇವಳಿಗೆ ಕೊಡಿ. ಬಿದ್ದವಳು ನಾನು. ಬಸ್ಸು ಹೋಯ್ತೋ ಇಲ್ವೋ ನಂಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗ್ಬೇಕಿದ್ದಿದ್ದು ನಿಮ್ಮ ಕ್ಯಾಮೆರಾಕ್ಕೆ. ಅದು ಸತ್ತಿತ್ತು ಅಂತ ಇವಳಿಗೆ ಹೇಳ್ದೆ ಇದ್ದವ್ರು ಯಾರು? ಅದನ್ನ ಓದ್ಲಿ" ಅಂದಳು. ಅಧ್ಯಕ್ಷೆ ಮತ್ತೆ ಅಲಾರಂ ತಿರುಗಿಸಿದಳು. ನಾನು ಕೊನೆಯ ಅಕ್ಷರದವರೆಗೂ ಓದಿದೆ. ಲಿಂಡ್‌ಕ್ವಿಸ್ಟ್‌ನ ಹೆಸರನ್ನು ಎರಡು ಸಲ ಓದಿದೆ.

ಮತ ಮುಂದೂಡಿದರು. ಇವತ್ತು ಬೆಳಗ್ಗೆ ಗ್ಯಾರೇಜಿನಲ್ಲಿ ಎಲ್ಲ ಡ್ಯಾಶ್ ಬಿಚ್ಚುತ್ತಿದ್ದಾರಂತೆ. ನನ್ನ ಪ್ರಕರಣವನ್ನು ಹೊರಗಿನ ತೀರ್ಪುಗಾರರೊಬ್ಬರ ಮುಂದೆ ಇಡುತ್ತಾರಂತೆ. ಅವರು ಕರೆದಾಗ ಬಾಯಿ ಬಿಡು. ಆಗಲೂ ನೆನಪಿಲ್ಲ ಅಂದರೆ ನಾನೇ ಯೂಮಾಗೆ ಬರುತ್ತೇನೆ.

ವರ್ನಾ ಮಾಕಿ


ಪೋರ್ಟ್ ಹ್ಯಾಲೋರನ್
ಮೇ 9, 2018

ಎಮೆಟ್,

ಏಪ್ರಿಲ್‌ನಲ್ಲಿ ನೀನು ಬರೆದ ಎರಡು ಕಾಗದವೂ ಬಂದವು. ಉತ್ತರ ಬರೆಯುವ ಮನಸ್ಸಿರಲಿಲ್ಲ.

ತೀರ್ಪುಗಾರರ ಮುಂದೆ ನೀನು ಪರದೆಯ ಮೇಲೆ ಕಾಣಿಸಿಕೊಂಡು ಮಾತಾಡಿದ್ದನ್ನು ಕೇಳಿದೆ. ಚೆನ್ನಾಗಿಯೇ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಲಿಂಡ್‌ಕ್ವಿಸ್ಟ್‌ನನ್ನು ಕೇಳಿದರು. "ಅಂಥಾ ಮಾತು ಆಡಿದ್ದು ನನಗೆ ನೆನಪಿಲ್ಲ" ಅಂದ. ನಿಮ್ಮಿಬ್ಬರಿಗೂ ಒಂದೇ ಕಾಯಿಲೆ ಇರಬೇಕು. 417 ಬಿಟ್ಟು ಉಳಿದ ಐವತ್ತೇಳು ಬಸ್ಸಿನ ಡ್ಯಾಶಿನಲ್ಲೂ ನೀನು ಬರೆದ ಹಾಗೆಯೇ ತಂತಿ ಸಿಕ್ಕಿತ್ತು. ಆದರೂ ಅವನಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಟ್ಟರು. ಬೆನಿತಾಳ ಕ್ಯಾಮೆರಾವನ್ನೇ ಆರಿಸಿದರು. ಉದ್ಘಾಟನೆಯ ದಿನ ಲಿಂಡ್‌ಕ್ವಿಸ್ಟೇ ರಿಬ್ಬನ್ ಕತ್ತರಿಸಿ, "ಇನ್ಮುಂದೆ ನಮ್ಮ ಬಸ್ಸುಗಳು ಸತ್ಯಾನೇ ಹೇಳ್ತವೆ" ಅಂತ ಭಾಷಣ ಮಾಡಿದ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಚಪ್ಪಾಳೆಗೆ ನನ್ನ ಕೈ ಬರಲಿಲ್ಲ.

ತೀರ್ಪು ಮೊನ್ನೆ ಬಂತು. ದೀಪ ಸುಳ್ಳು ಹೇಳುತ್ತಿತ್ತು ಅನ್ನುವುದನ್ನು ಒಪ್ಪಿದರು. ಬಾಯಿ ಬಿಟ್ಟದ್ದಕ್ಕೆ ನನ್ನನ್ನು ತೆಗೆಯುವಂತಿಲ್ಲ ಅಂದರು. ಕೆಲಸ ಉಳಿಯಿತು, ಪಿಂಚಣಿಯೂ ಸಿಗುತ್ತದೆ. ಹಿರಿತನ ಮಾತ್ರ ವಾಪಸು ಇಲ್ಲ. ಯಾಕೆ ಅಂದರೆ, ದೀಪ ಹಸಿರಿತ್ತೋ ಕೆಂಪಿತ್ತೋ ಅದು ಬೇರೆ ಮಾತು. ತಾನು ದೀಪವನ್ನು ನೋಡಲೇ ಇಲ್ಲ ಎಂದು ಚಾಲಕಿ ಸ್ವಂತ ಕೈಬರಹದಲ್ಲಿ ಒಪ್ಪಿಕೊಂಡಿದ್ದಾಳೆ, ಅದನ್ನು ಯಾರೂ ಬಲವಂತವಾಗಿ ಬರೆಸಿದ್ದಲ್ಲ ಅಂತ.

ಎಮೆಟ್, ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದುಕೊಟ್ಟದ್ದು ಒಂದೇ ಒಂದು ಸುಳ್ಳು. ಅವರು ನಂಬಿದ್ದು ಅದೊಂದನ್ನೇ.

ಈಗ ಪಟ್ಟಿಯಲ್ಲಿ ನಾನು ಎಂಬತ್ತಾರನೆಯವಳು, ಕೊನೆಯವಳು. ಭಾನುವಾರದ ಒಡೆದ ಪಾಳಿ ಓಡಿಸುತ್ತೇನೆ. ಓಡಿಸುವುದು ಗೊತ್ತಿದೆ, ಓಡಿಸುತ್ತೇನೆ. ಆದರೆ ಒಂದನ್ನು ತಿಳಿಯದೆ ನನಗೆ ನೆಮ್ಮದಿಯಿಲ್ಲ. ನೀನು ಬರೆದಿದ್ದೆ, ಮೊಹರೂ ಹಾಕಿಸಿದ್ದೆ. ಅವತ್ತೇ ತುರ್ತು ಅಂಚೆಗೆ ಹಾಕಿದ್ದರೆ ವಿಚಾರಣೆಗೆ ಮೊದಲೇ ನನ್ನ ಕೈಗೆ ಸಿಗುತ್ತಿತ್ತು. ಒಂಬತ್ತು ದಿನ ಯಾಕೆ ಇಟ್ಟುಕೊಂಡೆ? ಅರ್ಲೀನಳ ಹೆಸರು ಹೇಳಬೇಡ. ಅವಳೇ ನನಗೆ ಫೋನ್ ಮಾಡಿದ್ದಳು, ಫೆಬ್ರವರಿ 24ಕ್ಕೇ ಮನೆಗೆ ಬಂದಳಂತೆ. ನೆಪ ಬೇಡ, ಕ್ಷಮೆಯೂ ಬೇಡ. ನಿಜವಾದ ಕಾರಣ ಬರೆ.

ವರ್ನಾ


ಯೂಮಾ
ಮೇ 16, 2018

ವರ್ನಾ,

ನೀನು ಸಹಿ ಹಾಕಲಿ ಅಂತ ಕಾಯುತ್ತಿದ್ದೆ, ಹಾಕಿದ ಸುದ್ದಿ ಬಂದ ಮೇಲೆಯೇ ಲಕೋಟೆಯನ್ನು ಅಂಚೆಗೆ ಕೊಟ್ಟೆ. ಹಾಕಿದರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ, ನನ್ನ ಮಾತು ಯಾರಿಗೂ ಬೇಕಾಗುವುದಿಲ್ಲ ಅಂದುಕೊಂಡಿದ್ದೆ.

ಎಮೆಟ್